ತಾಯಿ ಕಾರ್ಡಿನ ಜೊತೆಗೊಂದು ಚಿತ್ರಪುಸ್ತಕ

ನಮ್ಮ ಜಿಲ್ಲೆಯಲ್ಲಿ ಎಳೆ ಮಗುವಿರುವ ಮನೆಗೆ ಹೋದರೆ ಅಲ್ಲಿ ಪುಸ್ತಕ ಇರಲಿಕ್ಕಿಲ್ಲ, ಆದರೆ ತಾಯಿ ಕಾರ್ಡ್ ಇರುತ್ತದೆ. ಮಂಡ್ಯದ ಮಿಮ್ಸ್ ಆಗಲಿ, ಮದ್ದೂರು, ಮಳವಳ್ಳಿಯ ತಾಲ್ಲೂಕು ಆಸ್ಪತ್ರೆಯಾಗಲಿ, ಊರಿನ ಆರೋಗ್ಯ ಕೇಂದ್ರವಾಗಲಿ, ಆ ಕಾರ್ಡ್ ಹಿಡಿದೇ ಲಸಿಕೆಗೆ ಹೋಗುತ್ತಾರೆ. ಹುಟ್ಟಿದಾಗ ಒಮ್ಮೆ, ಆಮೇಲೆ 6, 10, 14ನೇ ವಾರ, 9ನೇ ತಿಂಗಳು, 16ರಿಂದ 24 ತಿಂಗಳೊಳಗೆ, ಮತ್ತೆ 5 ವರ್ಷ ತುಂಬಿದ ಮೇಲೆ. ಇದರ ಜೊತೆಗೆ 9ನೇ ತಿಂಗಳಿಂದ 5 ವರ್ಷದವರೆಗೆ ವಿಟಮಿನ್ ಎ ದ್ರಾವಣ ಒಟ್ಟು 9 ಸಲ. ಈ 9 ಸಲವೂ ಮಗುವಿನ ಕೈಗೆ ಒಂದೊಂದು ಚಿತ್ರಪುಸ್ತಕ ಕೊಡಬೇಕು ಎಂಬುದು ನನ್ನ ವಾದ.

ಇದು ಹೊಸ ಆಲೋಚನೆಯೇನಲ್ಲ. 1989ರಲ್ಲಿ ಅಮೆರಿಕದ ಬಾಸ್ಟನ್ ಸಿಟಿ ಆಸ್ಪತ್ರೆಯಲ್ಲಿ ಬ್ಯಾರಿ ಜುಕರ್‌ಮನ್, ರಾಬರ್ಟ್ ನೀಡಲ್‌ಮನ್ ಎಂಬ ಮಕ್ಕಳ ವೈದ್ಯರು ಸಂಗಡಿಗರೊಂದಿಗೆ ‘ರೀಚ್ ಔಟ್ ಅಂಡ್ ರೀಡ್’ ಎಂಬ ಕಾರ್ಯಕ್ರಮ ಆರಂಭಿಸಿದರು. ತಪಾಸಣೆಗೆ ಬಂದ ಪುಟ್ಟ ಮಗುವಿಗೆ ಒಂದು ಹೊಸ ಪುಸ್ತಕ, ತಂದೆತಾಯಿಗೆ ಎರಡು ಮಾತಿನ ಸಲಹೆ, ಇಷ್ಟೇ ಅದರ ಕ್ರಮ. 2014ರಲ್ಲಿ ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿಯೇ, ಎಳೆಯ ಮಕ್ಕಳಿಗೆ ಓದಿ ಹೇಳುವಂತೆ ತಂದೆತಾಯಿಗೆ ತಿಳಿಸುವುದು ವೈದ್ಯರ ಕೆಲಸದ ಭಾಗ ಎಂದು ಹೇಳಿತು.

‘ನಮ್ಮ ಡಾಕ್ಟರಿಗೆ ಅಷ್ಟು ಪುರುಸೊತ್ತು ಎಲ್ಲಿದೆ?’ ಎಂದು ನೀವು ಕೇಳಬಹುದು. ನಿಜ, ಲಸಿಕೆ ದಿನದ ಸಾಲು ಉದ್ದವೇ. ಆದರೆ ಪುಸ್ತಕವು ತಪಾಸಣೆಗೂ ನೆರವಾಗುತ್ತದೆ. 6 ತಿಂಗಳ ಮಗು ಪುಸ್ತಕವನ್ನು ಹಿಡಿದು ಬಾಯಿಗೆ ಹಾಕಿಕೊಳ್ಳುತ್ತದೆ. ವರ್ಷದ ಮಗು ಚಿತ್ರಕ್ಕೆ ಬೆರಳಿಡುತ್ತದೆ. ಒಂದೂವರೆ ವರ್ಷಕ್ಕೆ ದಪ್ಪ ಹಾಳೆ ಮಗುಚುತ್ತದೆ. ಮಗುವಿನ ಕಣ್ಣು, ಕೈ, ಮಾತು ಹೇಗಿವೆ ಎಂದು ಪುಸ್ತಕ ಕೊಟ್ಟ ಒಂದು ನಿಮಿಷದಲ್ಲಿ ನರ್ಸ್ ಕೂಡ ಗಮನಿಸಬಹುದು. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬಂದು ಹುಡುಕುವುದರಲ್ಲಿ ಬೆಳವಣಿಗೆಯ ವಿಳಂಬವೂ ಒಂದು.

ಎರಡನೆಯ ಪ್ರಶ್ನೆ ಇನ್ನೂ ಗಟ್ಟಿಯಾದದ್ದು. ತಾಯಿಗೇ ಓದು ಬಾರದಿದ್ದರೆ? ಚಿತ್ರ ನೋಡಿ ಕಥೆ ಹೇಳಲು ಅಕ್ಷರ ಬೇಕಿಲ್ಲ. ನಮ್ಮ ದಾದಿ, ನಾನಿಯರಿಗೆ ಕಥೆ ಕಲಿಸಿದವರು ಯಾರು? ನಮ್ಮಲ್ಲಿ ಹಲವರ ಮನೆಮಾತು ದಖನಿ, ಅಂಗನವಾಡಿಯ ಮಾತು ಕನ್ನಡ. ಒಂದೇ ಚಿತ್ರಕ್ಕೆ ಮನೆಯಲ್ಲಿ ‘ಆಮ್’, ಹೊರಗೆ ‘ಮಾವು’ ಎಂದು ಕೇಳಿದ ಮಗು ಎರಡೂ ಭಾಷೆಗೆ ಸಿದ್ಧವಾಗುತ್ತದೆ. ಹಾಗಿಲ್ಲದ ಮಗು ಪುಸ್ತಕವನ್ನೂ ಹೊಸ ಭಾಷೆಯನ್ನೂ ಒಂದೇ ದಿನ ಎದುರಿಸಬೇಕಾಗುತ್ತದೆ. ಪಿಯುಸಿಗೆ ಬಂದರೂ ಪಾಠವನ್ನು ತಡವರಿಸುತ್ತಾ ಓದುವ ಗೆಳೆಯರು ನಮ್ಮ ತರಗತಿಗಳಲ್ಲೇ ಇದ್ದಾರೆ. ಅವರ ಬುದ್ಧಿಗೆ ಏನೂ ಕಡಿಮೆಯಿಲ್ಲ. ಓದು ಅವರ ಬಳಿಗೆ ತಡವಾಗಿ ಬಂತು.

ಸರ್ಕಾರ ಏನೂ ಮಾಡಿಲ್ಲ ಎನ್ನಲಾರೆ. ನಮ್ಮ ಮಳವಳ್ಳಿಯ ಪಕ್ಕದ ಟಿ. ನರಸೀಪುರದಲ್ಲೇ 1975ರಲ್ಲಿ ರಾಜ್ಯದ ಮೊದಲ ಐಸಿಡಿಎಸ್ ಯೋಜನೆ ಶುರುವಾಗಿ ಅಂಗನವಾಡಿಗಳು ಬಂದವು. 2020ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ‘ಓದುವ ಬೆಳಕು’ ಬಂತು. ಆದರೆ ಅಂಗನವಾಡಿಯ ಶಾಲಾಪೂರ್ವ ಶಿಕ್ಷಣ 3 ವರ್ಷದ ನಂತರ, ‘ಓದುವ ಬೆಳಕು’ 6 ವರ್ಷದ ನಂತರ. ಅದಕ್ಕೂ ಚಿಕ್ಕ ಮಕ್ಕಳು ತಪ್ಪದೆ ಬರುವ ಜಾಗ ಲಸಿಕೆ ಕೇಂದ್ರ. ನಮ್ಮ ಹಿರಿಯರೂ 4 ವರ್ಷ, 4 ತಿಂಗಳು, 4 ದಿನಕ್ಕೆ ಬಿಸ್ಮಿಲ್ಲಾ ಖ್ವಾನಿ ಮಾಡಿಸುತ್ತಿದ್ದರು. ಹಿಂದೂ ಮನೆಗಳಲ್ಲಿ ಅಕ್ಷರಾಭ್ಯಾಸವಿದೆ. ಅಕ್ಷರ ಬರೆಯಲು ಆ ವಯಸ್ಸು ಸರಿ. ಮಾತು, ಕಥೆ, ಚಿತ್ರಕ್ಕೆ ಅಷ್ಟು ಕಾಯಬೇಕಿಲ್ಲ.

ಕಾಯುತ್ತಾ ಕೂತರೆ ಆ ಜಾಗಕ್ಕೆ ಮೊಬೈಲ್ ಬರುತ್ತದೆ. ಆಪಾಳ ಮಗನನ್ನು ಲಸಿಕೆಗೆ ಕರೆದೊಯ್ದಾಗ ಸಾಲಿನಲ್ಲಿ ಅಳುವ ಮಕ್ಕಳಿಗೆಲ್ಲ ಸಿಕ್ಕಿದ್ದು ಮೊಬೈಲೇ. ತಾಯಂದಿರನ್ನು ದೂರಲಾರೆ, ಕೊಡಲು ಬೇರೇನೂ ಇರಲಿಲ್ಲ. 2 ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡ, ಜೊತೆಗೆ ಕೂತು ಓದಿ, ಕಥೆ ಹೇಳಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ.

ಸರ್ಕಾರದ ಆದೇಶ ಬರುವವರೆಗೆ ನಾವು ಸುಮ್ಮನಿರಬೇಕಿಲ್ಲ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ನಲ್ಲಿ ಕನ್ನಡ, ಉರ್ದು ಎರಡರಲ್ಲೂ ಚಿತ್ರಕಥೆಗಳಿವೆ. ಅವನ್ನು ಉಚಿತವಾಗಿ ಇಳಿಸಿಕೊಂಡು ಮುದ್ರಿಸಬಹುದು. ನಮ್ಮ ಎನ್‌ಎಸ್‌ಎಸ್ ಘಟಕ ವೈದ್ಯಾಧಿಕಾರಿಗಳ ಅನುಮತಿ ಪಡೆದು ಒಂದೇ ಒಂದು ಆರೋಗ್ಯ ಕೇಂದ್ರದಿಂದ ಆರಂಭಿಸಲಿ. ಹಾಳೆಗಳಿಗೆ ಲ್ಯಾಮಿನೇಷನ್ ಮಾಡಿಸಿದರೆ ಮಗು ಕಚ್ಚಿದರೂ ಬಾಳುತ್ತವೆ. ಲಸಿಕೆ ದಿನ ಇಬ್ಬರು ವಿದ್ಯಾರ್ಥಿಗಳು ಸಾಲಿನ ಪಕ್ಕ ಚಾಪೆ ಹಾಸಿ ಕೂತು, ಪುಸ್ತಕ ತೋರಿಸುವುದು ಹೇಗೆಂದು ತಾಯಂದಿರಿಗೆ ಹೇಳಿಕೊಡಲಿ. ನಮ್ಮಲ್ಲೇ ಎಷ್ಟೋ ಜನ ನಾಳೆ ನರ್ಸ್, ಡಾಕ್ಟರ್, ಶಿಕ್ಷಕಿ, ತಂದೆತಾಯಿ ಆಗುವವರು. ಈ ಕೆಲಸ ಈಗಲೇ ಕಲಿತರೆ ನಷ್ಟವಿಲ್ಲ. ಮುಂದಿನ ಎನ್‌ಎಸ್‌ಎಸ್ ಸಭೆಯಲ್ಲಿ ಇದನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ಪ್ರಾಂಶುಪಾಲರನ್ನೂ ಉಪನ್ಯಾಸಕರನ್ನೂ ಕೇಳಿಕೊಳ್ಳುತ್ತೇನೆ. ಮೊದಲ ಚಾಪೆಯ ಮೇಲೆ ಕೂರಲು ನಾನು ಸಿದ್ಧ.