ಸುಗ್ಗಿ ಕಳೆಯಲಿ, ನೋಡೋಣ

ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ದಾರಿಯ ಒಂದು ಅಕ್ಕಿ ಗಿರಣಿಯಲ್ಲಿ ನಮ್ಮಪ್ಪ ಹತ್ತೊಂಬತ್ತು ವರ್ಷ ತೂಕ, ಲೆಕ್ಕ ಎರಡನ್ನೂ ನೋಡಿಕೊಂಡಿದ್ದರು. 2022ರ ಬೇಸಿಗೆಯ ಒಂದು ಸಂಜೆ ‘ನಾಳೆಯಿಂದ ಬರಬೇಡ’ ಅಂದರು. ಪಂಚಾಯಿತಿ ಸೇರಿದ್ದು ಮಾಲೀಕರದೇ ಜಗಲಿಯಲ್ಲಿ. ಹಿರಿಯರು ಅವರದೇ ಚಹಾ ಕುಡಿದು ‘ಸುಗ್ಗಿ ಕಳೆಯಲಿ, ನೋಡೋಣ’ ಅಂದರು. ಮೂರು ಸುಗ್ಗಿ ಕಳೆದವು. ವಜಾ ಆದವರು ಕಾರ್ಮಿಕ ನ್ಯಾಯಾಲಯಕ್ಕೆ ಹೋಗಲು ಆಗಿನ ಕಾಯ್ದೆಯಲ್ಲಿದ್ದ ಗಡುವೂ ಮೂರೇ ವರ್ಷ. ಮಲೆನಾಡಿನ ಗೇಣಿ ಹೋರಾಟದ ಮೇಲೆ ಪಿಎಚ್.ಡಿ. ಮಾಡುತ್ತಿರುವ ಮಗಳಿಗೆ ಮನೆಯೊಳಗಿನ ಈ ಗಡುವು ಗೊತ್ತಾಗಿದ್ದು ಅದು ಮುಗಿದ ಮೇಲೆ.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಇನ್ನು ವ್ಯಾಜ್ಯಗಳು ಬೇಗ ತೀರುತ್ತವೆ ಎಂದು ಹೇಳಲಾಗುತ್ತಿದೆ. ಯಾರ ವ್ಯಾಜ್ಯ?

ಇಪ್ಪತ್ತು ಮತ್ತು ಹೆಚ್ಚು ಕೆಲಸಗಾರರಿರುವಲ್ಲಿ ಕುಂದುಕೊರತೆ ಸಮಿತಿ ಇರಬೇಕು, ಅದರಲ್ಲಿ ಎರಡೂ ಕಡೆಯವರು ಸಮ ಇರಬೇಕು, ಮೂವತ್ತು ದಿನದಲ್ಲಿ ತೀರ್ಮಾನ ಆಗಬೇಕು. ಒಳ್ಳೆಯದೇ. ಆದರೆ ನಮ್ಮ ಎರಡು ತಾಲ್ಲೂಕುಗಳ ಗಿರಣಿ, ಅಡಿಕೆ ಸುಲಿಯುವ ಶೆಡ್ಡು, ಬಟ್ಟೆ ಅಂಗಡಿ, ಪೆಟ್ರೋಲ್ ಬಂಕುಗಳಲ್ಲಿ ಎಷ್ಟು ಕಡೆ ಇಪ್ಪತ್ತು ತಲೆ ಸಿಕ್ಕೀತು? ಅಪ್ಪನ ಗಿರಣಿಯಲ್ಲಿದ್ದವರು ಹದಿನಾಲ್ಕು ಜನ. ಸಮಿತಿ ಇದ್ದರೂ, ಅದರ ತೀರ್ಮಾನ ಒಪ್ಪದವರು ಸಂಧಾನಾಧಿಕಾರಿಯ ಬಳಿ ಹೋಗಬೇಕಾದ್ದು ತಾವು ಸದಸ್ಯರಾಗಿರುವ ಸಂಘದ ಮೂಲಕ. ಸಂಘ ಕಟ್ಟುತ್ತೇವೆ ಎಂದವರು ಮರುದಿನ ಕೆಲಸದಲ್ಲಿ ಉಳಿಯದ ಊರು ನಮ್ಮದು.

ವಜಾ ಆದವರು ಒಬ್ಬರೇ ಹೋಗಬಹುದು, ನಿಜ. ಸಂಧಾನಕ್ಕೆ ಅರ್ಜಿ ಕೊಟ್ಟು, 45 ದಿನ ಕಾದು, ಆಮೇಲೆ ನ್ಯಾಯಮಂಡಳಿ. ಅದರ ಗಡುವು ಈಗ ಎರಡೇ ವರ್ಷ. ಜಗಲಿಯವರು ಇನ್ನು ಎರಡು ಸುಗ್ಗಿ ತಳ್ಳಿದರೆ ಸಾಕು!

ಸಣ್ಣ ಮಾಲೀಕರನ್ನು ಕೋರ್ಟಿಗೆ ಎಳೆದರೆ ಗಿರಣಿಗೆ ಬೀಗ ಬೀಳುತ್ತದೆ ಎಂದು ಗೆಳೆಯನೊಬ್ಬ ವಾದಿಸಿದ. ನಾನೂ ಕೋರ್ಟು ಕೇಳುತ್ತಿಲ್ಲ. 1951ರಲ್ಲಿ ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರು. ಭತ್ತ ಅಳೆಯುವ ಕೊಳಗದಲ್ಲೇ ಮೋಸವಿದೆ ಅನ್ನುವುದು ಅವರ ತಕರಾರು. 1974ರ ಭೂಸುಧಾರಣೆಯ ತಿದ್ದುಪಡಿ ಅಂಥವರನ್ನು ದೂರದ ನ್ಯಾಯಾಲಯಕ್ಕೆ ಅಟ್ಟಲಿಲ್ಲ. ತಾಲ್ಲೂಕಿಗೊಂದು ಭೂನ್ಯಾಯಮಂಡಳಿ ಮಾಡಿತು. ಉಪವಿಭಾಗಾಧಿಕಾರಿಯ ಜೊತೆ ಸರ್ಕಾರ ನೇಮಿಸಿದ ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಮೊದಮೊದಲು ವಕೀಲರಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ. ನಮ್ಮ ಅಜ್ಜಿ ‘ಡಿಕ್ಲರೇಷನ್’ ಎಂಬ ಒಂದೇ ಇಂಗ್ಲಿಷ್ ಪದ ಕಲಿತದ್ದು ಏಳನೇ ನಮೂನೆ ಕೊಟ್ಟಾಗ. ಆ ಮಂಡಳಿಗಳಲ್ಲಿ ಪಕ್ಷದ ಹಿಂಬಾಲಕರು ತುಂಬಿಕೊಂಡರು ಎಂಬ ದೂರು ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೂ ಎದುರಿಗೆ ಕೂತವರಿಗೆ ಗದ್ದೆ ಗೊತ್ತಿತ್ತು, ಗೇಣಿ ಅಂದರೇನೆಂದು ಗೊತ್ತಿತ್ತು.

ಹೊಸ ಕೈಗಾರಿಕಾ ನ್ಯಾಯಮಂಡಳಿಯಲ್ಲಿ ಒಬ್ಬರು ನ್ಯಾಯಾಂಗದವರು, ಒಬ್ಬರು ಆಡಳಿತದವರು. ಅದು ತಾಲ್ಲೂಕಿಗೆ ಬಾರದು. ಶಿಕಾರಿಪುರದಲ್ಲಿ ಬಸ್ ಹತ್ತಿ ಬರೀ ಶಿವಮೊಗ್ಗ ಮುಟ್ಟಿ ಬಂದರೂ ಒಂದು ದಿನದ ಕೂಲಿ ಹೋಯಿತು. ತಾಲ್ಲೂಕು ಕಚೇರಿಯಲ್ಲಿ ತಿಂಗಳಿಗೆರಡು ದಿನ ಕೂರುವ, ಕೆಲಸಗಾರರೂ ಸದಸ್ಯರಾಗಿರುವ ಒಂದು ಮಂಡಳಿ ಮಾಡುವುದಕ್ಕೆ ಅಡ್ಡಿ ಏನು? ಅರ್ಜಿ ಬಾಯಿಮಾತಲ್ಲಿ ಕೊಟ್ಟರೂ ಬರೆದುಕೊಳ್ಳಲಿ, ಜಗಲಿ ಪಂಚಾಯಿತಿ ನಡೆದಷ್ಟು ದಿನ ಗಡುವಿನಲ್ಲಿ ಎಣಿಸದಿರಲಿ.

ಅಪ್ಪ ಈಗ ಶುಂಠಿ ಮಂಡಿಯೊಂದರಲ್ಲಿ ದಿನಗೂಲಿಗೆ ತೂಕ ಹಾಕುತ್ತಾರೆ. ಅಲ್ಲಿ ಒಟ್ಟು ಆರು ಜನ.