ಏಳು ಸೀಟು, ಹನ್ನೊಂದು ಜನ

ಕಳೆದ ತಿಂಗಳು ನಮ್ಮ ಮಾಮನ ಏಳು ಸೀಟಿನ ಕಾರಿನಲ್ಲಿ ಹನ್ನೊಂದು ಜನ ಒಂದು ನಿಕಾಹ್‌ಗೆ ಹೋದೆವು. ದೊಡ್ಡವರು ಏಳು, ಮಕ್ಕಳು ನಾಲ್ಕು. "ಮಕ್ಕಳೇನು ಲೆಕ್ಕವಾ, ಹಿಂದೆ ಕೂರಿಸಿ" ಎಂದರು ಯಾರೋ. ಕೊನೆಯ ಸಾಲಿನಲ್ಲಿ ನಾನು, ನನ್ನ ಕಸಿನ್, ಇಬ್ಬರ ಮಡಿಲಲ್ಲೂ ಒಂದೊಂದು ಮಗು. ಮಜಾ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಒಂದು ತಿರುವಿನಲ್ಲಿ ಮಾಮ ಗಕ್ಕನೆ ಬ್ರೇಕ್ ಹಾಕಿದರು. ನನ್ನ ತಮ್ಮನ ಹಣೆ ಮುಂದಿನ ಸೀಟಿಗೆ ಬಡಿಯಿತು. ನಾನು ಅವನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದೆ.

ಇಂಥ ಕಾರುಗಳನ್ನು ನಾನು ದೂರುತ್ತಿಲ್ಲ. ಇನೋವಾ ಕೊಳ್ಳುವಷ್ಟು ದುಡ್ಡಿಲ್ಲದ ಮನೆಯವರು ಅಜ್ಜಿಯನ್ನೂ ಜೊತೆಗೆ ಕರೆದುಕೊಂಡು ಹೋಗುವಂತಾದದ್ದು ಇವುಗಳಿಂದಲೇ. 2012ರಲ್ಲಿ ಬಂದ ಮಾರುತಿ ಸುಜುಕಿ ಎರ್ಟಿಗಾವನ್ನೇ ನೋಡಿ. ಎಲ್ಲರಿಗೂ ಗೊತ್ತಿದ್ದ ಸ್ವಿಫ್ಟ್ ಅನ್ನೇ ಹಿಗ್ಗಿಸಿ ಅದನ್ನು ಮಾಡಿದರು. ಆಗಿನ ಸ್ವಿಫ್ಟ್ 3,850 ಮಿ.ಮೀ. ಉದ್ದವಿತ್ತು, ಎರ್ಟಿಗಾ 4,265. ಅಂದರೆ ಹೆಚ್ಚಿದ್ದು ಒಂದೂವರೆ ಅಡಿಗೂ ಕಡಿಮೆ. ಅಷ್ಟರಲ್ಲಿ ಇನ್ನೊಂದು ಸಾಲು ಸೀಟು ಕೂರಿಸಿದ್ದು ಜಾಣತನವೇ. ಆದರೆ ಆ ಸಾಲು ಇಬ್ಬರಿಗೆ. ಅಲ್ಲಿ ಇರುವ ಬೆಲ್ಟೂ ಎರಡೇ. ನಾವು ಅದನ್ನು ನಾಲ್ವರ ಜಾಗ ಮಾಡಿಕೊಂಡಿದ್ದೇವೆ.

ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲಿ ಸಂವೇಗದ ಪಾಠ ಓದಿದವರು ಲೆಕ್ಕ ಹಾಕಿ ನೋಡಬಹುದು. 20 ಕೆ.ಜಿ. ತೂಕದ ಮಗು, ಗಂಟೆಗೆ 60 ಕಿ.ಮೀ. ವೇಗದ ಕಾರು. ಡಿಕ್ಕಿಯಾಗಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಕಾರು ನಿಂತಿತು ಎನ್ನಿ. ಮಗುವನ್ನು ಹಿಡಿದು ನಿಲ್ಲಿಸಲು ಸುಮಾರು 3,300 ನ್ಯೂಟನ್ ಬಲ ಬೇಕು. 330 ಕೆ.ಜಿ.ಗೂ ಹೆಚ್ಚು ಭಾರ ಎತ್ತಿದ ಹಾಗೆ. ಆರು ಅಕ್ಕಿ ಮೂಟೆ! "ನಾನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ" ಎಂದು ಉಮ್ಮ ಹೇಳುವುದು ಪ್ರೀತಿಯಿಂದಲೇ. ಲೆಕ್ಕ ಮಾತ್ರ ಕೂಡುವುದಿಲ್ಲ.

ಕಾನೂನು ಇಲ್ಲದಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 194ಬಿ ಕಲಂ ಪ್ರಕಾರ 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ 1,000 ರೂಪಾಯಿ ದಂಡ. ನಮ್ಮಲ್ಲಿ ಮುಂದೆ ಕುಳಿತವರು ಪೊಲೀಸರನ್ನು ಕಂಡಾಗ ಬೆಲ್ಟ್ ಎಳೆದುಕೊಳ್ಳುತ್ತಾರೆ. ಹಿಂದಿನವರ ಬೆಲ್ಟ್ ಸೀಟಿನ ಸಂದಿಯಲ್ಲಿ ಎಲ್ಲಿ ಹೂತುಹೋಗಿದೆಯೋ, ಹುಡುಕಿದವರಿಲ್ಲ. ಮಾಮನ ಕಾರಿನಲ್ಲಿ ನಾನು ಹುಡುಕಿದೆ. ಬೆಲ್ಟಿನ ಜೊತೆ ಒಂದು ಖರ್ಜೂರದ ಬೀಜವೂ ಸಿಕ್ಕಿತು.

ಮುಂದಿನ ತಿಂಗಳು ಇನ್ನೊಂದು ಮದುವೆ ಇದೆ. ಹಾಲ್ ಹದಿನಾಲ್ಕು ಕಿ.ಮೀ. ದೂರ. ಎರಡು ಟ್ರಿಪ್ ಮಾಡೋಣ ಮಾಮ, ಎಂದೆ. "ಪೆಟ್ರೋಲ್ ನಿನ್ನಪ್ಪ ಹಾಕಿಸ್ತಾನಾ?" ಎಂದು ನಕ್ಕರು. ಆಗುವುದಿಲ್ಲ ಎಂದೇನೂ ಹೇಳಲಿಲ್ಲ. ಎರಡನೇ ಟ್ರಿಪ್‌ಗೆ ಕಾಯುತ್ತೇನೆ ಎಂದು ನಾನು ಮೊದಲೇ ಹೆಸರು ಕೊಟ್ಟಿದ್ದೇನೆ, ಬಿರಿಯಾನಿ ತಣ್ಣಗಾದರೂ ಸರಿ.