ಕಿವಿ ಕಟ್ಟಿದ್ದಕ್ಕೆ ಕನ್ನಡ ಬಿಡಬೇಕೆ?

ಹೊರನಾಡಿನಲ್ಲಿ ಮಗು ಮಾತಾಡುವುದು ತಡವಾದರೆ ಅಪರಾಧಿ ಯಾರು ಅಂತ ಮೊದಲೇ ತೀರ್ಮಾನವಾಗಿರುತ್ತದೆ. ಅದು ಕನ್ನಡ. 'ಮನೇಲಿ ಕನ್ನಡ, ಕೆಳಗೆ ಆಡೋಕೆ ಹೋದ್ರೆ ಮರಾಠಿ, ಟಿ.ವಿ.ಯಲ್ಲಿ ಹಿಂದಿ, ಶಾಲೇಲಿ ಇಂಗ್ಲಿಷ್. ಪಾಪ, ಕೂಸು ಏನು ಮಾಡೀತು? ಒಂದೇ ಭಾಷೆ ಇಟ್ಕೊಳ್ಳಿ.' ಈ ಮಾತನ್ನು ಥಾಣೆಯ ನರ್ಸರಿ ಟೀಚರೂ ಹೇಳುತ್ತಾರೆ, ಡೊಂಬಿವಲಿಯ ಪಕ್ಕದ ಮನೆಯವರೂ ಹೇಳುತ್ತಾರೆ. ಊರಿನಲ್ಲಿರುವ ನೀವೂ ಹೇಳುತ್ತೀರಿ, ಅದೇ ಬೇಜಾರು. ಇಂಗ್ಲಿಷ್ ಬಿಡಿ ಅಂದ ಶಾಲೆಯನ್ನು ನಾನಂತೂ ಇದುವರೆಗೆ ನೋಡಿಲ್ಲ. ಬಿಡಬೇಕಾದದ್ದು ಯಾವಾಗಲೂ ಮನೆಯ ಮಾತೇ.

ನನ್ನ ತಕರಾರು ಇಷ್ಟೇ. ಇಷ್ಟೆಲ್ಲ ಪಂಚಾಯ್ತಿ ಮಾಡುವವರಲ್ಲಿ ಒಬ್ಬರಾದರೂ ಮಗುವಿನ ಕಿವಿ ತೋರಿಸಿದಿರಾ ಅಂತ ಕೇಳುವುದಿಲ್ಲವಲ್ಲ, ಯಾಕೆ? ಅದೇ ಮಗುವಿಗೆ ಮಳೆ ಶುರುವಾದಾಗಿನಿಂದ ನಾಲ್ಕು ಸಲ ನೆಗಡಿಯಾಗಿದೆ, ರಾತ್ರಿ ಕಿವಿ ಹಿಡಿದುಕೊಂಡು ಅತ್ತಿದೆ. ಹಿಂದಿನಿಂದ ಕರೆದರೆ ತಿರುಗುವುದಿಲ್ಲ, ಟಿ.ವಿ.ಯ ಮುಂದೆ ಮುಂದೆ ಹೋಗಿ ಕೂರುತ್ತದೆ. 'ಹಠಮಾರಿ, ಕೇಳಿದ್ರೂ ಕೇಳದ ಹಾಗೆ ಮಾಡ್ತದೆ' ಅಂತ ನಾವು ನಗುತ್ತೇವೆ. ಅಲ್ಲಾ ಸ್ವಾಮೀ, ಅದಕ್ಕೆ ನಿಜವಾಗಿಯೂ ಕೇಳಿಸದೇ ಇದ್ದರೆ?

ಮೂಗಿನ ಹಿಂಭಾಗದಿಂದ ನಡುಕಿವಿಗೆ ಯೂಸ್ಟೇಶಿಯನ್ ನಳಿಕೆ ಅಂತ ಒಂದು ಸಣ್ಣ ದಾರಿ ಇದೆ. ರೈಲು ಖಂಡಾಳಾ ಘಾಟಿ ಹತ್ತುವಾಗ ಕಿವಿ ಕಟ್ಟಿ, ಎಂಜಲು ನುಂಗಿದರೆ 'ಟಪ್' ಅಂತ ಬಿಡುತ್ತದಲ್ಲ, ಅದು ಈ ನಳಿಕೆಯ ಕೆಲಸ. ಚಿಕ್ಕ ಮಕ್ಕಳಲ್ಲಿ ಇದು ಗಿಡ್ಡ, ಕಿರಿದು, ಹೆಚ್ಚುಕಮ್ಮಿ ಅಡ್ಡ ಮಲಗಿದ ಹಾಗೆ ಇರುತ್ತದೆ. ನೆಗಡಿಯಾದರೆ ಬೇಗ ಮುಚ್ಚಿಕೊಳ್ಳುತ್ತದೆ, ಸೋಂಕು ಸಲೀಸಾಗಿ ಒಳಗೆ ಹೋಗುತ್ತದೆ. 6 ತಿಂಗಳಿನಿಂದ 2 ವರ್ಷದವರೆಗೆ ಇದರ ಕಾಟ ಜಾಸ್ತಿ. 6 ತಿಂಗಳಲ್ಲಿ 3 ಸಲ, ಅಥವಾ ವರ್ಷದಲ್ಲಿ 4 ಸಲ ಬಂದರೆ ಡಾಕ್ಟರು ಅದನ್ನು ಮರುಕಳಿಸುವ ಸೋಂಕು ಅನ್ನುತ್ತಾರೆ. ನೋವು, ಜ್ವರ ಹೋದ ಮೇಲೂ ನಡುಕಿವಿಯಲ್ಲಿ ನೀರು ಉಳಿಯಬಹುದು. ಅದು ಗೋಂದಿನ ಹಾಗೆ ಗಟ್ಟಿಯಾದಾಗ 'ಗ್ಲೂ ಇಯರ್'. ನೋವಿಲ್ಲ, ಅಳುವಿಲ್ಲ. ಮಗುವಿಗೆ ಲೋಕವೆಲ್ಲ ಕಿವಿಗೆ ಬೆರಳಿಟ್ಟುಕೊಂಡ ಹಾಗೆ ಕೇಳಿಸುತ್ತಿರುತ್ತದೆ, ಅಷ್ಟೇ.

ನಮ್ಮ ಭಾಷೆಯಲ್ಲಿ ಅರ್ಥದ ಅರ್ಧ ಭಾರ ಪದದ ಬಾಲದಲ್ಲಿದೆ. ಮನೆಗೆ, ಮನೆಯಲ್ಲಿ, ಮನೆಯಿಂದ. ಮಾತಾಡುವಾಗ ನಾವು ನುಂಗುವುದೂ ಆ ಬಾಲವನ್ನೇ. ಅರೆ ಕಿವುಡಿನ ಮಗುವಿಗೆ ಮೊದಲು ತಪ್ಪಿಹೋಗುವುದು ಇಂಥ ಮೆಲುದನಿಗಳು. ಹೀಗಿರುವಾಗ ನಾಲ್ಕು ಭಾಷೆಯಲ್ಲಿ ಮೂರನ್ನು ಕಿತ್ತು ಹಾಕಿದರೆ ಏನಾಯಿತು? ಉಳಿದ ಒಂದೂ ಅರ್ಧಂಬರ್ಧವೇ ಕೇಳಿಸುತ್ತದೆ!

ಹೆಚ್ಚು ಭಾಷೆ ಕೇಳಿದರೆ ಮಾತು ಕೆಡುತ್ತದೆ ಎಂಬುದಕ್ಕೆ ಆಧಾರವಿಲ್ಲ. ಎರಡು ಮೂರು ಭಾಷೆಯ ನಡುವೆ ಬೆಳೆಯುವ ಮಕ್ಕಳು ಮಾತು ಕಲಿಯುತ್ತಾರೆ ಅಂತ ಭಾಷಾ ತಜ್ಞರು ಹೇಳುತ್ತಲೇ ಬಂದಿದ್ದಾರೆ. ತಜ್ಞರೂ ಬೇಡ ಬಿಡಿ. ಮನೆಯಲ್ಲಿ ತುಳು, ಸಂಘದಲ್ಲಿ ಕನ್ನಡ, ಗಲ್ಲೆಯಲ್ಲಿ ಮರಾಠಿ-ಹಿಂದಿ ಆಡಿಕೊಂಡು ಹೋಟೆಲು ನಡೆಸಿದ ಒಂದು ತಲೆಮಾರೇ ಇಲ್ಲಿದೆ. ಅವರಲ್ಲಿ ಯಾರಿಗೆ ನಾಲಗೆ ತೊಡರಿತು?

'ಎಲ್ಲ ನಿಮ್ಮ ಮುಂಬೈ ನೀರಿನ ದೋಷ' ಅಂತ ಇನ್ನೊಂದು ವಾದ. ತಮಟೆ ಗಟ್ಟಿ ಇರುವಾಗ ಸ್ನಾನದ ನೀರು ನಡುಕಿವಿಗೆ ಹೋಗುವುದಿಲ್ಲ. ಗಾಳಿಯ ಬಗ್ಗೆ ನನಗೂ ಸಿಟ್ಟಿದೆ. 2014ರಲ್ಲಿ ಹಸಿರು ಮಳೆ, 2020ರಲ್ಲಿ ಗುಲಾಬಿ ಬಣ್ಣದ ರಸ್ತೆ ಕಂಡ ಊರು ಡೊಂಬಿವಲಿ. ಆ ಜಗಳ ಆಡಲೇಬೇಕು. ಆದರೆ ಕಿವಿಯ ಕಾರಣಗಳು ಇನ್ನೂ ಹತ್ತಿರದಲ್ಲಿವೆ. ಅಪ್ಪ ಅಮ್ಮ ಇಬ್ಬರೂ ಬೆಳಿಗ್ಗೆ ಫಾಸ್ಟ್ ಲೋಕಲ್ ಹಿಡಿಯಬೇಕು, ಮಗು ಪಾಳಣಾಘರದಲ್ಲಿ. ಒಂದು ಕೋಣೆ, ಹತ್ತು ಮಕ್ಕಳು, ಒಬ್ಬನ ನೆಗಡಿ ಎಲ್ಲರಿಗೂ. ಮನೆಯಲ್ಲಿ ಯಾರೋ ಸೇದುವ ಸಿಗರೇಟು. ಮಲಗಿಸಿ ಬಾಯಿಗಿಟ್ಟ ಹಾಲಿನ ಬಾಟಲಿ. ಇವೆಲ್ಲ ಬೆಂಗಳೂರಿನಲ್ಲೂ ಇವೆ, ಪುತ್ತೂರಿನಲ್ಲೂ ಇವೆ.

ಇನ್ನು ಎಣ್ಣೆ. ಊರಿನಿಂದ ಅಜ್ಜಿ ಬಂದ ಕೂಡಲೇ ಬೆಳ್ಳುಳ್ಳಿ ಕಾಯಿಸಿದ ಕೊಬ್ಬರಿ ಎಣ್ಣೆ ಕಿವಿಗೆ ಬೀಳುತ್ತದೆ. ಅಜ್ಜಿಯ ಪ್ರೀತಿ ದೊಡ್ಡದು ಕಣ್ರೀ, ಒಪ್ಪಿದೆ. ಆದರೆ ಸೋಂಕು ತಮಟೆಯ ಹಿಂದೆ ಇದೆ, ಎಣ್ಣೆ ಅಲ್ಲಿಗೆ ಮುಟ್ಟುವುದೇ ಇಲ್ಲ. ತಮಟೆ ತೂತಾಗಿ ಕೀವು ಸೋರುತ್ತಿದ್ದರೆ ಮುಟ್ಟುತ್ತದೆ, ಆಗ ಅದು ಇನ್ನೂ ಅಪಾಯ. ಮಳೆಗಾಲದ ತೇವದಲ್ಲಿ ಎಣ್ಣೆ ಹಾಕಿದ ಕಿವಿಗೆ ಬೂಷ್ಟು ಹಿಡಿಯುವುದು ಸುಲಭ. ಹೋದ ಸಲದ ಆ್ಯಂಟಿಬಯಾಟಿಕ್ ಸಿರಪ್ ಅರ್ಧ ಬಾಟಲಿ ಉಳಿಸಿಕೊಂಡು ಈ ಸಲ ಕುಡಿಸುವುದೂ ಇದೇ ಜಾತಿಯ ವೈದ್ಯ.

'ಹಾಗಾದ್ರೆ ಪ್ರತಿ ನೆಗಡಿಗೂ ಸ್ಪೆಷಲಿಸ್ಟ್ ಹತ್ರ ಓಡ್ಬೇಕಾ?' ಬೇಡ. 2 ವರ್ಷ ದಾಟಿದ ಮಗುವಿಗೆ ನೋವು ಸಣ್ಣದಿದ್ದರೆ ನೋವಿನ ಔಷಧ ಕೊಟ್ಟು 2-3 ದಿನ ಕಾದು ನೋಡೋಣ ಅಂತ ಒಳ್ಳೆಯ ಡಾಕ್ಟರೇ ಹೇಳುತ್ತಾರೆ. ಉಳಿದ ನೀರೂ ಹೆಚ್ಚಿನ ಮಕ್ಕಳಲ್ಲಿ 3 ತಿಂಗಳೊಳಗೆ ತಾನಾಗಿ ಇಳಿಯುತ್ತದೆ. ಕಿವಿಯ ಹಿಂದೆ ಬಾವು ಬಂದರೆ ಮಾತ್ರ ಒಂದು ಗಂಟೆಯೂ ಕಾಯಬಾರದು. 3 ತಿಂಗಳಾದರೂ ನೀರು ಇಳಿಯದಿದ್ದರೆ, ಮಾತು ಹಿಂದೆ ಬಿದ್ದಿದ್ದರೆ, ಶ್ರವಣ ಪರೀಕ್ಷೆ ಆಗಲೇಬೇಕು. ಟಿಂಪನೋಮೆಟ್ರಿ ಕೆಲವೇ ನಿಮಿಷದ ಕೆಲಸ, ಸೂಜಿಯಿಲ್ಲ. ಅಗತ್ಯವಿದ್ದರೆ ತಮಟೆಗೆ ಗ್ರಾಮೆಟ್ ಎಂಬ ಪುಟ್ಟ ಕೊಳವೆ ಕೂರಿಸುತ್ತಾರೆ. ಸಾಮಾನ್ಯವಾಗಿ ಅದು ತಾನಾಗಿ ಉದುರುತ್ತದೆ.

ಸೌಲಭ್ಯ ಇಲ್ಲ ಅನ್ನುವ ಹಾಗೂ ಇಲ್ಲ. ದಾದರಿನಲ್ಲಿ ಗಾಡಿ ಬದಲಿಸಿದರೆ ಬಾಂದ್ರಾ, ಅಲ್ಲಿ 1983ರಿಂದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇದೆ. ನಿಮಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆ ಪಟ್ಟಿಯಲ್ಲಿ ನಡುಕಿವಿಯ ಸೋಂಕೂ ಇದೆ, ಶ್ರವಣದೋಷವೂ ಇದೆ. ಆದರೆ ಆ ತಪಾಸಣೆ ಅಂಗನವಾಡಿ, ಸರ್ಕಾರಿ ಶಾಲೆಗಳಲ್ಲಿ. ನಮ್ಮ ಮಕ್ಕಳು ಹೋಗುವ ಖಾಸಗಿ ನರ್ಸರಿಗಳು ಪ್ರವೇಶಕ್ಕೆ ಫೋಟೋ ಕೇಳುತ್ತವೆ, ಫೀಸು ಕೇಳುತ್ತವೆ, ಕಿವಿಯ ವಿಷಯ ಮಾತ್ರ ಕೇಳುವುದಿಲ್ಲ. ಕಲ್ಯಾಣ, ಡೊಂಬಿವಲಿ, ವಾಶಿಯ ನಮ್ಮ ಕನ್ನಡ ಸಂಘಗಳಾದರೂ ರಾಜ್ಯೋತ್ಸವದ ದಿನ ಒಂದು ಮೂಲೆಯಲ್ಲಿ ಮಕ್ಕಳ ಕಿವಿ ಪರೀಕ್ಷೆ ಇಡಬಾರದೆ? ಭಾಷಣಕ್ಕಿಂತ ಅದು ಕನ್ನಡಕ್ಕೆ ಹೆಚ್ಚಿನ ಸೇವೆ.

ಮಾತು ತಡವಾದದ್ದಕ್ಕೆಲ್ಲ ಈ ನೀರೇ ಕಾರಣ ಅಂತ ನಾನು ಹೇಳುತ್ತಿಲ್ಲ. ಹುಟ್ಟು ಕಿವುಡಿರಬಹುದು, ಬೇರೆ ಬೆಳವಣಿಗೆಯ ತೊಂದರೆ ಇರಬಹುದು. ಅದಕ್ಕೇ ಪರೀಕ್ಷೆ ಬೇಕು ಅನ್ನುವುದು. ನೀರು ಇಳಿದರೆ ಕಿವಿ ತಿರುಗಿ ಕೇಳಿಸುತ್ತದೆ. ಆದರೆ ಆ ವರ್ಷ ಮನೆಯಿಂದ ಹೊರಗೆ ಹಾಕಿದ ಕನ್ನಡವನ್ನು ಐದು ವರ್ಷದ ಮಗುವಿಗೆ ಯಾರು ತಿರುಗಿ ತಂದುಕೊಡುತ್ತಾರೆ? ಅಜ್ಜ ಅಜ್ಜಿಯ ಜೊತೆ ಅದು ಯಾವ ಭಾಷೆಯಲ್ಲಿ ಮಾತಾಡಬೇಕು? ಆದ್ದರಿಂದ ಭಾಷೆ ಬಿಡಿ ಅಂತ ಬುದ್ಧಿ ಹೇಳುವ ಮೊದಲು ಕಿವಿ ಪರೀಕ್ಷೆಯ ಚೀಟಿ ಕೇಳಿ. ಅದು ಬರುವವರೆಗೆ ಮಗುವನ್ನು ಎದುರಿಗೆ ಕೂರಿಸಿಕೊಂಡು, ಮುಖ ನೋಡಿ, ಸ್ವಲ್ಪ ಗಟ್ಟಿಯಾಗಿ, ನಿಧಾನವಾಗಿ ಮಾತಾಡಿ. ಕನ್ನಡದಲ್ಲೇ ಮಾತಾಡಿ.